ಕ್ರಿಸ್ಮಸ್ ಮರವನ್ನು ಕದ್ದವರು ಯಾರು?

ಡಿಸೆಂಬರ್ ಬಂತೆಂದರೆ ವಾಟ್ಸಾಪಿನಲ್ಲಿ ಒಂದು ಸಂದೇಶ ತಿರುಗಾಡತೊಡಗುತ್ತದೆ. ಕ್ರಿಸ್ಮಸ್ ಮರ ಕ್ರೈಸ್ತರದ್ದೇ ಅಲ್ಲ, ಸಾವಿರಾರು ವರ್ಷಗಳ ಹಿಂದೆ ಯುರೋಪಿನಲ್ಲಿ ಮರ ಪೂಜಿಸುತ್ತಿದ್ದವರಿಂದ ಚರ್ಚು ಕದ್ದದ್ದು ಎಂಬುದು ಅದರ ಸಾರ. ಇದನ್ನು ಕಳಿಸುವವರಲ್ಲಿ ಯಾವ ಧರ್ಮವನ್ನೂ ಒಪ್ಪದ ವಿಚಾರವಾದಿಗಳಿದ್ದಾರೆ, ತಮ್ಮ ಧರ್ಮವೇ ಎಲ್ಲಕ್ಕಿಂತ ಹಳೆಯದು ಎನ್ನುವವರೂ ಇದ್ದಾರೆ. ಬೇರೆ ಯಾವುದಕ್ಕೂ ಒಂದೇ ಪಂಕ್ತಿಯಲ್ಲಿ ಕೂರದವರು ಇದೊಂದಕ್ಕೆ ಮಾತ್ರ ಒಟ್ಟಿಗೆ ಎಲೆ ಹಾಕಿಸಿಕೊಳ್ಳುತ್ತಾರೆ. ಸಾಹಿತ್ಯ ಓದಿದವರೂ ಇದನ್ನು ಪರೀಕ್ಷಿಸದೆ ಬರೆಯುತ್ತಿರುವುದರಿಂದ ನನ್ನ ಈ ತಕರಾರು.

ಇದರಲ್ಲಿ ಒಂದು ಎಳೆಯಷ್ಟು ನಿಜವಿದೆ. ಚಳಿಗಾಲದಲ್ಲಿ ಹಸಿರು ಸೊಪ್ಪು ತಂದು ಮನೆ ಸಿಂಗರಿಸುವುದು ಬಹಳ ಹಳೆಯ ರೂಢಿ. ಹಬ್ಬದ ದಿನಗಳಲ್ಲಿ ರೋಮನ್ನರಂತೆ ಬಾಗಿಲಿಗೆ ಲಾರೆಲ್ ಸೊಪ್ಪು ಕಟ್ಟುವ ಕ್ರೈಸ್ತರನ್ನು ಕ್ರಿ.ಶ. 200ರ ಸುಮಾರಿಗೇ ಟರ್ಟುಲಿಯನ್ ಗದರಿದ್ದಾನೆ. ಆದರೆ ಬಾಗಿಲಿನ ಸೊಪ್ಪು ಬೇರೆ, ಕೋಣೆಯೊಳಗೆ ಇಡೀ ಮರ ನಿಲ್ಲಿಸಿ ತಿಂಡಿ ತೂಗುಹಾಕುವುದು ಬೇರೆ. ಮಾವಿನ ತೋರಣ ಕಟ್ಟಿದ ಮನೆಯವರೆಲ್ಲ ನಡುಮನೆಯಲ್ಲಿ ಮಾವಿನ ಮರ ನೆಟ್ಟಿದ್ದರು ಎಂದು ಯಾರೂ ವಾದಿಸುವುದಿಲ್ಲವಲ್ಲ!

ಸಂತ ಬೋನಿಫೇಸ್ ಜರ್ಮನಿಯ ಗೈಸ್ಮಾರ್‌ನಲ್ಲಿ ದೇವರ ಓಕ್ ಮರವನ್ನು ಕಡಿದಾಗ ಅಲ್ಲೇ ಫರ್ ಮರ ಚಿಗುರಿತು ಎಂಬ ಕತೆಯನ್ನೂ ಸಾಕ್ಷಿಯಾಗಿ ತರುತ್ತಾರೆ. 8ನೆಯ ಶತಮಾನದಲ್ಲೇ ಅವನ ಚರಿತ್ರೆ ಬರೆದ ವಿಲ್ಲಿಬಾಲ್ಡ್ ಪ್ರಕಾರ ಕಡಿದ ಓಕ್ ಮರದಿಂದ ಒಂದು ಪ್ರಾರ್ಥನಾ ಮಂದಿರ ಕಟ್ಟಿದರು, ಅಷ್ಟೇ. ಫರ್ ಮರ ಆ ಕತೆಗೆ ಎಷ್ಟೋ ಕಾಲದ ಮೇಲೆ ಸೇರಿಕೊಂಡಿದೆ.

ಹಾಗಾದರೆ ಮರ ಕಾಣಿಸಿಕೊಳ್ಳುವುದು ಎಲ್ಲಿ? ಊರ ಲೆಕ್ಕದ ಪುಸ್ತಕದಲ್ಲಿ. ಇಂದು ಫ್ರಾನ್ಸಿಗೆ ಸೇರಿದ ಅಲ್ಸೇಸ್ ಪ್ರಾಂತ್ಯದ ಸೆಲೆಸ್ಟಾ ಪಟ್ಟಣ 1521ರಲ್ಲಿ, ಕ್ರಿಸ್ಮಸ್ ಸಮಯದಲ್ಲಿ ಮರಗಳನ್ನು ಕಾಯಲು ಕಾಡಿನ ಕಾವಲುಗಾರರಿಗೆ ನಾಲ್ಕು ಶಿಲ್ಲಿಂಗ್ ಕೊಟ್ಟಿತು. ಅದೇ ಪ್ರಾಂತ್ಯದ ಅಮ್ಮರ್‌ಶ್ವೀರ್‌ನಲ್ಲಿ 1561ರ ಕಟ್ಟಳೆ: ಕ್ರಿಸ್ಮಸ್‌ಗೆ ಒಬ್ಬ ನಿವಾಸಿಗೆ ಒಂದೇ ಮರ, ಉದ್ದ ಎಂಟು ಬೂಟಿನಷ್ಟು. ಜನ ಕಾಡಿಗೆ ನುಗ್ಗಿ ಕಡಿಯುತ್ತಿದ್ದರು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಬೇಕೇ? (ಯಾರೂ ಮಾಡದ್ದನ್ನು ಯಾವ ಸರ್ಕಾರವೂ ನಿಷೇಧಿಸುವುದಿಲ್ಲ.) 1605ರಲ್ಲಿ ಸ್ಟ್ರಾಸ್‌ಬರ್ಗ್ ನೋಡಿದ ಪ್ರಯಾಣಿಕನೊಬ್ಬ, ಮನೆಗಳೊಳಗೆ ಫರ್ ಮರ ನಿಲ್ಲಿಸಿ ಬಣ್ಣದ ಕಾಗದದ ಗುಲಾಬಿ, ಸೇಬು, ಸಕ್ಕರೆ ತಿಂಡಿ ತೂಗುಹಾಕಿದ್ದನ್ನು ಬರೆದಿಟ್ಟಿದ್ದಾನೆ. ಸೇಬು ಯಾಕೆಂದರೆ, ಡಿಸೆಂಬರ್ 24 ಆದಾಮ ಹವ್ವರ ದಿನ. ಅಂದು ಆಡುತ್ತಿದ್ದ ಸ್ವರ್ಗದ ನಾಟಕಕ್ಕೆ ಹಣ್ಣಿನ ಮರವೊಂದು ಬೇಕಿತ್ತು, ಆದರೆ ಆ ಚಳಿಯಲ್ಲಿ ಸೇಬಿನ ಮರ ಬೋಳು. ಹಸಿರಾಗಿರುವ ಮರಕ್ಕೇ ಸೇಬು ಕಟ್ಟಿದರು ಎಂಬುದೇ ಇರುವ ವಿವರಣೆಗಳಲ್ಲಿ ಹೆಚ್ಚು ನಂಬುವಂಥದ್ದು. ಬಾಲ್ಟಿಕ್ ತೀರದ ರಿಗಾ ಮತ್ತು ಟ್ಯಾಲಿನ್ ನಗರಗಳು ಮೊದಲ ಮರ ತಮ್ಮದೇ ಎಂದು ಇಂದಿಗೂ ಜಗಳವಾಡುತ್ತವೆ, ಆಡಲಿ. ಆ ಜಗಳವೂ 15, 16ನೆಯ ಶತಮಾನದ ವರ್ತಕರ ಸಂಘಗಳ ಆಚೆ ಹೋಗುವುದಿಲ್ಲ.

ಚರ್ಚು ಕದ್ದಿತು ಎನ್ನುವವರು ಡಾನ್‌ಹೌವರ್‌ಗೆ ಉತ್ತರ ಹೇಳಬೇಕು. 17ನೆಯ ಶತಮಾನದ ನಡುವೆ ಸ್ಟ್ರಾಸ್‌ಬರ್ಗ್‌ನಲ್ಲೇ ಇದ್ದ ಈ ಲೂಥರನ್ ಬೋಧಕನಿಗೆ ಮರ ಕಂಡರೆ ಆಗುತ್ತಿರಲಿಲ್ಲ. ಗೊಂಬೆ, ಸಕ್ಕರೆ ನೇತುಹಾಕಿ ಆಮೇಲೆ ಅಲುಗಿಸಿ ಉದುರಿಸುವ ಮಕ್ಕಳಾಟ ಎಂದು ಬೈದ. ಪೂರ್ವಜರ ಸುಳ್ಳು ದೇವರ ಪೂಜೆ ಎಂದು ಹೇಳಲು ಸಾಧ್ಯವಿದ್ದರೆ ಅವನು ಬಿಡುತ್ತಿದ್ದನೇ? ಆದರೆ ಈ ರೂಢಿ ಎಲ್ಲಿಂದ ಬಂತೋ ತನಗೆ ತಿಳಿಯದು ಎಂದುಬಿಟ್ಟ. ಅವನಿಗೆ ಗೊತ್ತಿಲ್ಲದ್ದು ನಮ್ಮ ವಾಟ್ಸಾಪಿಗೆ ಗೊತ್ತಿದೆ.

ಆ ತಿಳಿವಳಿಕೆ ಹುಟ್ಟಿದ್ದು 19ನೆಯ ಶತಮಾನದಲ್ಲಿ. 1835ರಲ್ಲಿ ಯಾಕೋಬ್ ಗ್ರಿಮ್‌ನ ಜರ್ಮನ್ ಪುರಾಣ ಕುರಿತ ಗ್ರಂಥ ಬಂದ ಮೇಲೆ, ಪ್ರತಿ ಹಳ್ಳಿಯ ಆಚರಣೆಯಲ್ಲೂ ಪ್ರಾಚೀನ ದೇವತೆಗಳನ್ನು ಹುಡುಕುವ ಗೀಳು ಹತ್ತಿತು. ತಮ್ಮದು ಕಲಬೆರಕೆಯಿಲ್ಲದ ಹಳೆಯ ಜನಾಂಗ ಎಂದು ಹೇಳಿಕೊಳ್ಳಬೇಕಾಗಿದ್ದವರಿಗೆ ಫರ್ ಮರ ಒಳ್ಳೆಯ ಸಾಕ್ಷಿಯಾಯಿತು. ಮುಂದೆ ನಾಜಿಗಳು ಇದನ್ನೇ ಎತ್ತಿಕೊಂಡು, ಕ್ರಿಸ್ಮಸ್ ಅಸಲಿಗೆ ಜರ್ಮನ್ ಜನಾಂಗದ ಸಂಕ್ರಾಂತಿ ಹಬ್ಬ ಎಂದು ಪ್ರಚಾರ ಮಾಡಿ ಮರಕ್ಕೆ ಸ್ವಸ್ತಿಕ ತೂಗುಹಾಕಿದರು. ನೀವು ವೈಚಾರಿಕತೆ ಎಂದು ಹಂಚುತ್ತಿರುವುದು ಈ ದಾರಿಯಲ್ಲಿ ನಡೆದುಬಂದ ಕತೆ. ಭಕ್ತರೂ ಕಡಿಮೆಯಿಲ್ಲ. ಮೊದಲ ಮೇಣದಬತ್ತಿಯ ಮರ ಲೂಥರನದ್ದು ಎನ್ನುತ್ತಾರೆ. ಊಟದ ಮೇಜಿನಲ್ಲಿ ಅವನಾಡಿದ ಮಾತನ್ನೂ ಬರೆದಿಟ್ಟ ಶಿಷ್ಯರು ಇದನ್ನು ಮಾತ್ರ ಬರೆಯಲಿಲ್ಲ.

ಕಳ್ಳತನವೇ ಬೇಕಿದ್ದರೆ ದಾಖಲೆಯಿರುವ ಒಂದನ್ನು ಕೊಡುತ್ತೇನೆ. 1848ರಲ್ಲಿ ಲಂಡನ್ನಿನ ಪತ್ರಿಕೆಯೊಂದು ರಾಣಿ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಮಕ್ಕಳೊಂದಿಗೆ ಮರದ ಸುತ್ತ ನಿಂತ ಚಿತ್ರ ಅಚ್ಚುಹಾಕಿತು. ಎರಡು ವರ್ಷದ ನಂತರ ಅಮೆರಿಕದ ‘ಗೋಡೀಸ್ ಲೇಡೀಸ್ ಬುಕ್’ ಪತ್ರಿಕೆ ಅದೇ ಚಿತ್ರವನ್ನು ಎತ್ತಿಕೊಂಡು, ರಾಣಿಯ ಕಿರೀಟವನ್ನೂ ಗಂಡನ ಮೀಸೆಯನ್ನೂ ಅಳಿಸಿ, ಒಂದು ಅಮೆರಿಕನ್ ಕುಟುಂಬವೆಂಬಂತೆ ಅಚ್ಚುಹಾಕಿತು.