ಸ್ಪ್ಯಾನಿಷ್ ಕ್ರಿಯಾಪದ: ರೂಪ 96, ಪಾಠ ನಾಲ್ಕೇ

ಭಾನುವಾರ ಬೆಳಗಿನ ಕಾಫಿ ಮುಗಿದಿದೆ. ಮಗಳು ಗೋಡೆಗೆ ಒರಗಿ, ಕಣ್ಣು ಮುಚ್ಚಿ ಒಪ್ಪಿಸುತ್ತಿದ್ದಾಳೆ: 'ಕಾಂತೊ, ಕಾಂತಸ್, ಕಾಂತ, ಕಂತಾಮೊಸ್...' ಪುಸ್ತಕ ಅಮ್ಮನ ಕೈಯಲ್ಲಿದೆ. ಅಮ್ಮನಿಗೆ ಸ್ಪ್ಯಾನಿಷ್ ಭಾಷೆಯ ಗಂಧವಿಲ್ಲ. ಪಟ್ಟಿಯ ಮೇಲೆ ಬೆರಳಿಟ್ಟುಕೊಂಡು, ತಪ್ಪಿದ ಕಡೆ 'ಊಹೂಂ' ಎನ್ನುವುದಷ್ಟೇ ಅವರ ಕೆಲಸ. ಎರಡನೇ ಪುಟಕ್ಕೆ ಬರುವಷ್ಟರಲ್ಲಿ ಭೂತಕಾಲ ವರ್ತಮಾನದೊಳಗೆ ನುಗ್ಗಿ ಎಲ್ಲವೂ ಕಲಸುಮೇಲೋಗರ. 'ಇದು ನನ್ ಕೈಲಿ ಆಗಲ್ಲಮ್ಮ. ಮುಂದಿನ ಸೆಮಿಸ್ಟರ್‌ಗೆ ಬೇರೆ ಭಾಷೆ ತಗೋತೀನಿ' ಎನ್ನುತ್ತಾಳೆ ಮಗಳು.

ವಿದೇಶಿ ಭಾಷೆ ಕಲಿಯುವ ಮಕ್ಕಳಿರುವ ಮನೆಗಳಲ್ಲಿ ಇಂಥ ದೃಶ್ಯ ಹೊಸದಲ್ಲ. 20 ದೇಶಗಳಲ್ಲಿ ಆಡಳಿತ ಭಾಷೆಯಾಗಿರುವ ಸ್ಪ್ಯಾನಿಷ್‌ನ್ನು ಆಸೆಯಿಂದ ಆರಿಸಿಕೊಳ್ಳುವ ವಿದ್ಯಾರ್ಥಿಗಳು ಮೊದಲು ಎಡವುವುದು ಕ್ರಿಯಾಪದದ ಪಟ್ಟಿಯ ಮುಂದೆ. ಪಟ್ಟಿ ಉದ್ದವಾಗಿರುವುದು ನಿಜ. ಸ್ಪ್ಯಾನಿಷ್ ವ್ಯಾಕರಣ ಒಂದು ಕ್ರಿಯಾಪದಕ್ಕೆ ನಿಶ್ಚಯಾರ್ಥದಲ್ಲಿ 10, ಸಂಭಾವ್ಯಾರ್ಥದಲ್ಲಿ 6, ಒಟ್ಟು 16 ಕಾಲಗಳನ್ನು ಹೇಳುತ್ತದೆ. ಒಂದೊಂದು ಕಾಲಕ್ಕೆ ಆರು ರೂಪ: ನಾನು, ನೀನು, ಅವನು, ನಾವು, ನೀವು, ಅವರು. ಅಲ್ಲಿಗೆ 96. ಆಜ್ಞೆಯ ರೂಪಗಳು ಇದರ ಮೇಲೆ. ಇಷ್ಟನ್ನೂ ಮಗ್ಗಿಯಂತೆ ಉರು ಹೊಡೆಯಲು ಹೊರಟವರು ಸುಸ್ತಾಗದೆ ಇದ್ದರೆ ಆಶ್ಚರ್ಯ. ಆದರೆ ಇಷ್ಟನ್ನೂ ಉರು ಹೊಡೆಯಬೇಕಾಗಿಯೇ ಇಲ್ಲ.

ಹೈಸ್ಕೂಲಿನ ಕನ್ನಡ ವ್ಯಾಕರಣವನ್ನು ನೆನಪಿಸಿಕೊಂಡರೆ ದಾರಿ ಕಾಣುತ್ತದೆ. 'ಹಾಡುತ್ತೇನೆ' ಎಂಬ ಪದವನ್ನು ಬಿಡಿಸಿ ಎಂದರೆ ವಿದ್ಯಾರ್ಥಿಗಳು ಬರೆಯುವುದು ಹೀಗೆ: ಹಾಡು + ಉತ್ತ + ಏನೆ. ಮೊದಲನೆಯದು ಧಾತು, ನಡುವಿನದು ಕಾಲಸೂಚಕ ಪ್ರತ್ಯಯ, ಕೊನೆಯದು ಆಖ್ಯಾತ ಪ್ರತ್ಯಯ. ಸ್ಪ್ಯಾನಿಷ್ ಕ್ರಿಯಾಪದದ ಕಟ್ಟಡವೂ ಬಹುಮಟ್ಟಿಗೆ ಇದೇ. 'ಕಂತಾರ್' ಎಂದರೆ ಹಾಡುವುದು. ಅದರ ಧಾತು 'ಕಂತ್'. 'ಕಂತಾಬಮೊಸ್' ಎಂದರೆ 'ಹಾಡುತ್ತಿದ್ದೆವು'. ಇದರಲ್ಲಿ 'ಕಂತ್' ಧಾತು, ನಡುವಿನ 'ಆಬ' ಹಿಂದೆ ನಡೆಯುತ್ತಿದ್ದುದನ್ನು ಹೇಳುವ ಪ್ರತ್ಯಯ, ಕೊನೆಯ 'ಮೊಸ್' ಎಂದರೆ 'ನಾವು'.

ಈ ಕೊನೆಯ ಪ್ರತ್ಯಯಗಳು ಬಹಳ ನಂಬಿಗಸ್ತರು. 'ಸ್' ಬಂದರೆ ನೀನು, 'ಮೊಸ್' ಬಂದರೆ ನಾವು, 'ಇಸ್' ಬಂದರೆ ನೀವು, 'ನ್' ಬಂದರೆ ಅವರು. ಆಜ್ಞೆಯ ರೂಪಗಳನ್ನು ಬಿಟ್ಟರೆ ಇವು ಎಲ್ಲ ಕಾಲಗಳಲ್ಲೂ ಹೀಗೆಯೇ ನಡೆಯುತ್ತವೆ. ತಪ್ಪಿಸಿಕೊಳ್ಳುವುದು ಒಂದೇ ಕಡೆ: 'ನೀನು ಹಾಡಿದೆ' ಎನ್ನಲು 'ಕಂತಾಸ್ತೆ' ಎನ್ನಬೇಕು, ಅಲ್ಲಿ ಕೊನೆಗೆ 'ಸ್' ಇಲ್ಲ. ಕ್ರಿಯಾಪದವೇ ಕರ್ತೃವನ್ನು ಹೇಳಿಬಿಡುವುದರಿಂದ ಸ್ಪ್ಯಾನಿಷರು 'ನಾನು', 'ನೀನು' ಎಂಬುದನ್ನು ಸಾಮಾನ್ಯವಾಗಿ ಬಿಟ್ಟೇಬಿಡುತ್ತಾರೆ. 'ನಾಳೆ ಬರ್ತೀನಿ' ಎನ್ನುವ ಕನ್ನಡಿಗರಿಗೆ ಇದನ್ನು ಹೇಳಿಕೊಡಬೇಕೆ? ಕನ್ನಡದಲ್ಲಿ ಹಾಡುತ್ತಾನೆ, ಹಾಡುತ್ತಾಳೆ, ಹಾಡುತ್ತದೆ ಎಂದು ಮೂರು ಕಲಿಯಬೇಕು. ಸ್ಪ್ಯಾನಿಷ್‌ನಲ್ಲಿ ಮೂರಕ್ಕೂ 'ಕಾಂತ' ಒಂದೇ ಸಾಕು.

ತೊಡಕು ಶುರುವಾಗುವುದು ನಡುವೆ ಇಂಗ್ಲಿಷ್ ಬಂದಾಗ. ಪಠ್ಯಪುಸ್ತಕ ಇಂಗ್ಲಿಷಿನಲ್ಲಿರುತ್ತದೆ, ಪಾಠವೂ ಇಂಗ್ಲಿಷಿನಲ್ಲೇ. ಇಂಗ್ಲಿಷಿನ 'ಯೂ' ಎಂಬ ಒಂದೇ ಪದ ನೀನು, ನೀವು ಎರಡನ್ನೂ ನುಂಗಿಕೊಂಡಿದೆ. ಸ್ಪ್ಯಾನಿಷ್‌ನಲ್ಲಿ ಗೆಳೆಯನಿಗೆ 'ತು', ಹಿರಿಯರಿಗೆ 'ಉಸ್ತೇದ್'. ಈ ಉಸ್ತೇದ್ ಹುಟ್ಟಿದ್ದು 'ತಮ್ಮ ಕೃಪೆ' ಎಂಬಂಥ ಹಳೆಯ ಗೌರವದ ಮಾತಿನಿಂದ. ಆದ್ದರಿಂದಲೇ ಎದುರಿಗಿರುವವರನ್ನು ಕುರಿತು ಹೇಳಿದರೂ ಅದರ ಕ್ರಿಯಾಪದ ಪ್ರಥಮ ಪುರುಷದ್ದು, ಅಂದರೆ ಅವನು, ಅವಳು ಎಂಬುದರ ರೂಪ. ಹಾಗೆಯೇ ಇಂಗ್ಲಿಷಿನ 'ಸ್ಯಾಂಗ್' ಎಂಬ ಒಂದೇ ಪದಕ್ಕೆ ಸ್ಪ್ಯಾನಿಷ್ ಎರಡು ರೂಪ ಕೊಡುತ್ತದೆ: 'ಕಂತೋ' ಮತ್ತು 'ಕಂತಾಬ'. ಯಾವುದನ್ನು ಎಲ್ಲಿ ಬಳಸಬೇಕೆಂದು ವಿದ್ಯಾರ್ಥಿ ತಲೆ ಕೆರೆದುಕೊಳ್ಳುತ್ತಾನೆ. ಕನ್ನಡದಲ್ಲಿ ಯೋಚಿಸಿದರೆ ಮೊದಲನೆಯದು 'ಹಾಡಿದಳು', ಎರಡನೆಯದು 'ಹಾಡುತ್ತಿದ್ದಳು'. ನಿನ್ನೆ ರಾತ್ರಿ ಒಂದು ಹಾಡು ಹಾಡಿ ಮುಗಿಸಿದಳು. ಚಿಕ್ಕವಳಿದ್ದಾಗ ದಿನವೂ ಹಾಡುತ್ತಿದ್ದಳು. ಈ ವ್ಯತ್ಯಾಸ ಕನ್ನಡದ ಮಗುವಿಗೆ ಮೂರನೇ ವರ್ಷಕ್ಕೇ ಬಂದಿರುತ್ತದೆ.

ಈಗ ಆ 96ರ ಲೆಕ್ಕಕ್ಕೆ ಬರಬಹುದು. 16 ಕಾಲಗಳಲ್ಲಿ ಎಂಟು ಸಂಯುಕ್ತ ಕಾಲಗಳು. 'ಏ ಕಂತಾದೊ' ಎಂದರೆ 'ಹಾಡಿದ್ದೇನೆ', 'ಅಬೀಯ ಕಂತಾದೊ' ಎಂದರೆ 'ಹಾಡಿದ್ದೆ'. ಇಲ್ಲಿ 'ಕಂತಾದೊ' ಬದಲಾಗುವುದೇ ಇಲ್ಲ. ಬದಲಾಗುವುದೆಲ್ಲ 'ಅಬೇರ್' ಎಂಬ ಸಹಾಯಕ ಕ್ರಿಯಾಪದ. ಅದು ಅನಿಯತ, ಅಂದರೆ ನಿಯಮಕ್ಕೆ ಜಗ್ಗುವುದಿಲ್ಲ. ಅದನ್ನು ಬೇರೆಯಾಗಿ ಕಲಿಯಲೇಬೇಕು. ಆದರೆ ಒಮ್ಮೆ ಕಲಿತರೆ ಭಾಷೆಯ ಎಲ್ಲ ಕ್ರಿಯಾಪದಗಳಿಗೂ ಅದೇ ಸಾಕು. ಅಲ್ಲಿಗೆ ಉಳಿದದ್ದು ಎಂಟು.

ಆ ಎಂಟರಲ್ಲಿ ಸಂಭಾವ್ಯಾರ್ಥದ ಭವಿಷ್ಯತ್ ಕಾಲ ಇಂದು ಹೆಚ್ಚಾಗಿ ಕಾನೂನಿನ ಬರಹದಲ್ಲಿ ಮಾತ್ರ ಕಾಣುತ್ತದೆ, ಆಡುಮಾತಿನಲ್ಲಿಲ್ಲ. ಅದನ್ನು ಪಕ್ಕಕ್ಕಿಟ್ಟರೆ ಏಳು.

ಏಳರಲ್ಲಿ 'ಕಂತರೇ' (ಹಾಡುವೆನು) ಎಂಬ ಭವಿಷ್ಯತ್ ಕಾಲದ ಹುಟ್ಟು ಸ್ವಾರಸ್ಯಕರ. 'ಕಂತಾರ್' ಎಂಬುದರ ಪಕ್ಕಕ್ಕೆ ಅಬೇರ್‌ನ ವರ್ತಮಾನ ರೂಪಗಳಾದ ಏ, ಆಸ್, ಆ, ಏಮೊಸ್, ಆನ್ ಬಂದು ಕೂತು, ಕಾಲಕ್ರಮೇಣ ಅಂಟಿಕೊಂಡವು: ಕಂತರೇ, ಕಂತರಾಸ್, ಕಂತರಾ, ಕಂತರೇಮೊಸ್, ಕಂತರಾನ್. ನೀವು ಎಂಬುದರ 'ಅಬೇಯ್ಸ್' ಮಾತ್ರ ತಲೆ ಕಳೆದುಕೊಂಡು 'ಏಯ್ಸ್' ಆಗಿ ಅಂಟಿದೆ. ಹಳೆಯ ಸ್ಪ್ಯಾನಿಷ್‌ನಲ್ಲಿ ಈ ಎರಡು ತುಂಡುಗಳ ನಡುವೆ ಬೇರೊಂದು ಪದವನ್ನು ತೂರಿಸುವುದೂ ಸಾಧ್ಯವಿತ್ತು. 1492ರಲ್ಲಿ ಕಾಸ್ಟೀಲಿಯನ್ ಭಾಷೆಯ ಮೊದಲ ವ್ಯಾಕರಣವನ್ನು ಪ್ರಕಟಿಸಿದ ಆಂಟೋನಿಯೊ ಡೆ ನೆಬ್ರಿಹಾ ಈ ಜೋಡಣೆಯನ್ನು ಆಗಲೇ ಗುರುತಿಸಿದ್ದ. ಕನ್ನಡದಲ್ಲೂ 'ಹಾಡುತ್ತ ಇದ್ದೇನೆ' ಎಂಬುದು 'ಹಾಡುತ್ತಿದ್ದೇನೆ' ಎಂದು ಒಂದೇ ಪದವಾಗಿ ನಿಂತಿಲ್ಲವೇ? ಕೆಲಸ ಅದೇ ಬಗೆಯದು. ಅಬೇರ್‌ನ ಭೂತಕಾಲದ 'ಈಯ' ಎಂಬ ಬಾಲವನ್ನು ಹೀಗೆಯೇ ಅಂಟಿಸಿದರೆ 'ಕಂತರೀಯ', ಅಂದರೆ ಷರತ್ತಿನ ರೂಪ. ಎರಡೂ ಕಾಲಗಳು ಅಬೇರ್‌ನಿಂದಲೇ ಸಿಕ್ಕವು. ಉಳಿದದ್ದು ಐದು.

ಐದರಲ್ಲಿ ಇನ್ನೊಂದನ್ನು ಕೈಯಲ್ಲೇ ಮಾಡಿಕೊಳ್ಳಬಹುದು. 'ಕಂತಾರೊನ್' ಎಂದರೆ 'ಅವರು ಹಾಡಿದರು'. ಕೊನೆಯ 'ರೊನ್' ತೆಗೆದು 'ರ' ಸೇರಿಸಿದರೆ 'ಕಂತಾರ', ಸಂಭಾವ್ಯಾರ್ಥದ ಭೂತಕಾಲ. 'ಸಿ ಕಂತಾರ, ಗನರೀಯ' ಎಂದರೆ 'ಹಾಡಿದರೆ ಗೆಲ್ಲುತ್ತಿದ್ದಳು'. ಅವಳು ಹಾಡುವುದಿಲ್ಲ ಎಂಬುದು ಒಳಗಿನ ಮಾತು. ಅಡವಿ ಎಂಬ ಅರ್ಥದ 'ಕಾಂತಾರ'ಕ್ಕೂ ಇದಕ್ಕೂ ನಂಟಿಲ್ಲ. ಆದರೆ ನೆನಪಿಗೆ ಅದು ನೆರವಾದರೆ ನಷ್ಟವೇನೂ ಇಲ್ಲ.

ಕೊನೆಗೆ ಬಾಯಿಗೆ ಕಲಿಯಬೇಕಾದದ್ದು ನಾಲ್ಕೇ. ವರ್ತಮಾನ: ಕಾಂತೊ, ಕಾಂತಸ್, ಕಾಂತ, ಕಂತಾಮೊಸ್, ಕಂತಾಯ್ಸ್, ಕಾಂತನ್. ಮುಗಿದ ಭೂತ: ಕಂತೇ, ಕಂತಾಸ್ತೆ, ಕಂತೋ, ಕಂತಾಮೊಸ್, ಕಂತಾಸ್ತೆಯ್ಸ್, ಕಂತಾರೊನ್. ನಡೆಯುತ್ತಿದ್ದ ಭೂತ: ಕಂತಾಬ, ಕಂತಾಬಸ್, ಕಂತಾಬ, ಕಂತಾಬಮೊಸ್, ಕಂತಾಬಯ್ಸ್, ಕಂತಾಬನ್. ಸಂಭಾವ್ಯಾರ್ಥದ ವರ್ತಮಾನ: ಕಾಂತೆ, ಕಾಂತೆಸ್, ಕಾಂತೆ, ಕಂತೇಮೊಸ್, ಕಂತೇಯ್ಸ್, ಕಾಂತೆನ್.

ಇಲ್ಲಿ ದೀರ್ಘವಾಗಿ ಬರೆದ ಅಕ್ಷರದ ಮೇಲೆ ಉಚ್ಚಾರದ ಒತ್ತು ಬೀಳುತ್ತದೆ. ಇದು ಸಣ್ಣ ವಿಷಯವಲ್ಲ. 'ಕಾಂತೊ' ಎಂದರೆ 'ಹಾಡುತ್ತೇನೆ', 'ಕಂತೋ' ಎಂದರೆ 'ಹಾಡಿದಳು'. 'ಕಾಂತೆ' ಎಂದರೆ 'ಹಾಡಲಿ', 'ಕಂತೇ' ಎಂದರೆ 'ಹಾಡಿದೆನು'. 'ಕಂತಾರ' ಎಂದರೆ 'ಹಾಡಿದರೆ', 'ಕಂತರಾ' ಎಂದರೆ 'ಹಾಡುವಳು'. ಸ್ಪ್ಯಾನಿಷ್ ಬರಹದಲ್ಲಿ ಅಕ್ಷರದ ನೆತ್ತಿಯ ಮೇಲಿನ ಒಂದು ಗೀಟು ಮಾತ್ರ ಈ ಜೋಡಿಗಳನ್ನು ಬೇರ್ಪಡಿಸುತ್ತದೆ. ಪರೀಕ್ಷೆಯಲ್ಲಿ ಆ ಗೀಟನ್ನು ಮರೆತ ವಿದ್ಯಾರ್ಥಿ ಹಾಡಿದವರನ್ನೂ ಕಾಲವನ್ನೂ ಒಟ್ಟಿಗೆ ಬದಲಾಯಿಸಿರುತ್ತಾನೆ.

ನಾಲ್ಕು ಪಾಠಗಳಲ್ಲಿ ಮೂರು ಬಾಯಿಪಾಠದಿಂದ ಬರುತ್ತವೆ. ನಾಲ್ಕನೆಯದಕ್ಕೆ ಬುದ್ಧಿಯೂ ಬೇಕು. ಸ್ಪ್ಯಾನಿಷ್‌ನಲ್ಲಿ ಅದರ ಹೆಸರು 'ಸುಬ್‌ಹುಂತೀವೊ'. ರೂಪ ಸುಲಭ: 'ಆರ್' ಎಂದು ಮುಗಿಯುವ ಕ್ರಿಯಾಪದದ 'ಅ' ಇಲ್ಲಿ 'ಎ' ಆಗುತ್ತದೆ. 'ಏರ್', 'ಈರ್' ಎಂದು ಮುಗಿಯುವುವು ತದ್ವಿರುದ್ಧವಾಗಿ 'ಅ' ತೆಗೆದುಕೊಳ್ಳುತ್ತವೆ. ಕಷ್ಟವಿರುವುದು ಎಲ್ಲಿ ಬಳಸಬೇಕೆಂಬುದರಲ್ಲಿ. ಹೇಳುವವರು ಸಂಗತಿಯನ್ನು ಇದೆ ಎಂದು ಹೇಳಿದರೆ ನಿಶ್ಚಯಾರ್ಥ. ಬಯಸಿದರೆ, ಸಂಶಯಪಟ್ಟರೆ, ಇನ್ನೂ ಬರಬೇಕಾದದ್ದನ್ನು ಕಾದರೆ ಸುಬ್‌ಹುಂತೀವೊ. 'ಕೇ ಕಾಂತೆ' ಎಂದರೆ 'ಹಾಡಲಿ'. 'ಕಂತೇಮೊಸ್' ಎಂದರೆ 'ಹಾಡೋಣ'. 'ಹಾಡಿಯಾಳು' ಎಂಬ ಕನ್ನಡದ ಸಂಭಾವನಾರ್ಥಕ ರೂಪವೂ ಈ ಅಂಗಳದ್ದೇ.

ಆದರೆ ಕನ್ನಡ ಎಲ್ಲ ಕಡೆಯೂ ಕೈಹಿಡಿಯುವುದಿಲ್ಲ ಎಂಬುದನ್ನೂ ಹೇಳಬೇಕು. 'ಹಾಡುವ ಹುಡುಗಿಯನ್ನು ಹುಡುಕುತ್ತಿದ್ದಾರೆ' ಎಂಬ ವಾಕ್ಯದಲ್ಲಿ ಆ ಹುಡುಗಿ ಇದ್ದಾಳೆಯೋ, ಅಥವಾ ಹಾಡಬಲ್ಲ ಯಾರಾದರೂ ಒಬ್ಬಳು ಸಿಕ್ಕರೆ ಸಾಕೆಂದೋ? ಕನ್ನಡ ಅದನ್ನು ಸಂದರ್ಭಕ್ಕೆ ಬಿಡುತ್ತದೆ. ಸ್ಪ್ಯಾನಿಷ್ ಬಿಡುವುದಿಲ್ಲ. ಗೊತ್ತಿರುವ ಹುಡುಗಿಯಾದರೆ 'ಕಾಂತ', ಇನ್ನೂ ಸಿಗಬೇಕಾದವಳಾದರೆ 'ಕಾಂತೆ'. ಒಂದು ಸ್ವರ ಬದಲಾದರೆ ಇರುವವಳು ಇಲ್ಲದವಳಾಗುತ್ತಾಳೆ. ಇದು ಪಟ್ಟಿ ಒಪ್ಪಿಸಿದರೆ ಬರುವ ವಿದ್ಯೆಯಲ್ಲ. ವಾಕ್ಯ ಕಟ್ಟಿ, ತಪ್ಪು ಮಾಡಿ, ತಿದ್ದಿಕೊಂಡು ಬರಬೇಕಾದದ್ದು.

ಇಷ್ಟು ಶ್ರಮಕ್ಕೆ ಪ್ರತಿಫಲ ದೊಡ್ಡದು. ಸ್ಪ್ಯಾನಿಷ್‌ನಲ್ಲಿ 'ಆರ್' ಎಂದು ಮುಗಿಯುವ ಕ್ರಿಯಾಪದಗಳದ್ದೇ ದೊಡ್ಡ ಸಂಸಾರ. ಅವುಗಳಲ್ಲಿ ಬಹುಪಾಲು ನಿಯತ. ಹೊಸದಾಗಿ ಹುಟ್ಟುವ ಪದಗಳೂ ಸಾಮಾನ್ಯವಾಗಿ ಇದೇ ಮನೆಗೆ ಬಂದು ಸೇರುತ್ತವೆ. ಕಂಪ್ಯೂಟರ್ ಕಾಲದಲ್ಲಿ ಬಂದ 'ಚತೆಯಾರ್' (ಚಾಟ್ ಮಾಡು), 'ಎಸ್ಕನೆಯಾರ್' (ಸ್ಕ್ಯಾನ್ ಮಾಡು) ಎರಡೂ ಕಂತಾರ್‌ನ ಹೆಜ್ಜೆಯಲ್ಲೇ ನಡೆಯುತ್ತವೆ. ಇರುವುದು, ಹೋಗುವುದು ಮುಂತಾದ ದಿನಬಳಕೆಯ ಕೆಲವು ಕ್ರಿಯಾಪದಗಳು ಅನಿಯತವೆಂಬುದು ನಿಜ. ಕನ್ನಡದಲ್ಲೂ ಬರು 'ಬಂದ' ಆಗುತ್ತದೆ, ಕೊಡು 'ಕೊಟ್ಟ' ಆಗುತ್ತದೆ. ಹೆಚ್ಚು ಬಳಸಿ ಸವೆದ ಪದಗಳ ಹಣೆಬರಹವೇ ಹಾಗೆ. ನಿಯತವಾದದ್ದು ಗಟ್ಟಿಯಾದ ಮೇಲೆ ಅವನ್ನು ಒಂದೊಂದಾಗಿ ಕಲಿಯಬಹುದು.

ಪಾಲಕರಿಗೂ ಇಲ್ಲಿ ಒಂದು ಕೆಲಸವಿದೆ. ಅದಕ್ಕೆ ಸ್ಪ್ಯಾನಿಷ್ ಬರಬೇಕಾಗಿಲ್ಲ. ಪಟ್ಟಿ ಒಪ್ಪಿಸಿಕೊಳ್ಳುವ ಬದಲು, ಪುಟದಲ್ಲಿ ಯಾವುದಾದರೂ ಒಂದು ರೂಪದ ಮೇಲೆ ಬೆರಳಿಟ್ಟು ಮೂರು ಪ್ರಶ್ನೆ ಕೇಳಿದರೆ ಸಾಕು. ಯಾರು? ಯಾವಾಗ? ನಡೆದದ್ದೋ, ನಡೆಯಲಿ ಎಂದು ಬಯಸಿದ್ದೋ? ಉತ್ತರ ಕನ್ನಡದಲ್ಲೇ ಬರಲಿ. ದಿನಕ್ಕೆ ಹತ್ತು ನಿಮಿಷ, ಒಂದು ಕ್ರಿಯಾಪದ.

ಆ ಭಾನುವಾರ ಅಮ್ಮ ಪುಸ್ತಕವನ್ನು ಮಗಳ ಕೈಗೆ ಹಿಂದಿರುಗಿಸಲಿಲ್ಲ. ಪಟ್ಟಿಯನ್ನು ಸ್ವಲ್ಪ ಹೊತ್ತು ನೋಡಿ, 'ಎಲ್ಲದರಲ್ಲೂ ಮೊದಲು ಕಂತ್ ಅಂತಲೇ ಇದೆಯಲ್ಲೇ, ಅದು ಧಾತು ತಾನೆ? ಹಾಗಾದರೆ ಈ ಮೊಸ್ ಯಾರು?' ಎಂದು ಕೇಳಿದರು. ಮಗಳು ತಿರುಗಿ ನೋಡಿದಳು. 'ನಾವು' ಎಂದಳು. ಆಮೇಲೆ ಗೋಡೆ ಬಿಟ್ಟು ಬಂದು ಅಮ್ಮನ ಪಕ್ಕದಲ್ಲಿ ಕುಳಿತಳು.