ಲೋಟದ ರೇಟು ಒಂದಕ್ಕೋ, ಡಜನ್ನಿಗೋ?

ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ದಿನಕ್ಕೆ ನೂರು ಸಲ ಬಕೆಟ್ಟಿಗೆ ಬೀಳುವ ಗಾಜಿನ ಲೋಟಕ್ಕೆ ಯಾರೂ ಬೆಲೆ ಕಟ್ಟುವುದಿಲ್ಲ. ಒಡೆದರೆ ಹುಡುಗನಿಗೆ ಬೈಗುಳ, ಸಂಜೆಗೆ ಇನ್ನೊಂದು ಡಜನ್. ಅದೇ ಲೆಕ್ಕ ತಲೆಯಲ್ಲಿಟ್ಟುಕೊಂಡು ಕರಕುಶಲ ಮೇಳಕ್ಕೆ ಹೋದವರು, ಕಲಾವಿದ ಉಸಿರು ಊದಿ ಮಾಡಿದ ಲೋಟದ ಚೀಟಿ ನೋಡಿ ಬೆಚ್ಚಿ ಬೀಳುತ್ತಾರೆ. ‘ಏನ್ರೀ ಇದು, ಒಂದಕ್ಕೋ ಡಜನ್ನಿಗೋ?’

ಪ್ರಶ್ನೆ ತಪ್ಪಲ್ಲ. ದುಡ್ಡು ಕೊಡುವವರು ಕೇಳಲೇಬೇಕು. ಉತ್ತರ ಕೇಳಿಸಿಕೊಳ್ಳುವ ವ್ಯವಧಾನವೂ ಇರಬೇಕು, ಅಷ್ಟೆ.

ಯಂತ್ರದ ಲೋಟ ಅಚ್ಚಿಗೆ ಬಿದ್ದು ಸಾಲಾಗಿ ಹೊರಬರುತ್ತದೆ. ಕೈಯ ಲೋಟಕ್ಕೆ ಕುಲುಮೆಯಲ್ಲಿ ಸಾವಿರದ ನೂರು ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಬೆಂಕಿ ಬೇಕು. ಕೆಲಸ ಇದ್ದಾಗ ಹಚ್ಚಿ, ಊಟಕ್ಕೆ ಹೋಗುವಾಗ ಆರಿಸುವ ಒಲೆ ಅಲ್ಲ ಅದು. ರಾತ್ರಿ ಹಗಲು ಉರಿಯುತ್ತಲೇ ಇರಬೇಕು. ಟೊಳ್ಳು ಕಬ್ಬಿಣದ ಕೊಳವೆಯ ತುದಿಗೆ ಜೇನಿನಂಥ ಗಾಜನ್ನು ಸುತ್ತಿಕೊಂಡು, ಉಕ್ಕಿನ ಹಲಗೆಯ ಮೇಲೆ ಹೊರಳಿಸಿ, ಊದಿ, ತಣ್ಣಗಾಗುತ್ತಿದ್ದಂತೆ ಮತ್ತೆ ಬೆಂಕಿಗೆ ಹಿಡಿದು, ಮತ್ತೆ ಊದಬೇಕು. ತಳಕ್ಕೆ ಇನ್ನೊಂದು ಸರಳು ಅಂಟಿಸಿ ಕೊಳವೆಯಿಂದ ಬಿಡಿಸಿಕೊಂಡ ಮೇಲೇ ಬಾಯಿ ಅಗಲಿಸುವುದು. ತಿರುಗಿಸುವ ಕೈ ಒಂದು ಕ್ಷಣ ನಿಂತರೆ ಗಾಜು ಜೋತುಬೀಳುತ್ತದೆ.

ಮುಗಿಯಿತೇ? ಇಲ್ಲ. ಲೋಟವನ್ನು ಐನೂರು ಡಿಗ್ರಿ ಹತ್ತಿರದ ಇನ್ನೊಂದು ಗೂಡಿನಲ್ಲಿಟ್ಟು ಗಂಟೆಗಟ್ಟಲೆ ನಿಧಾನವಾಗಿ ಆರಿಸಬೇಕು. ಅವಸರ ಮಾಡಿದರೆ ಒಳಗಿನ ಬಿಗಿತ ಹಾಗೇ ಉಳಿದು, ಎಷ್ಟೋ ದಿನದ ಮೇಲೆ ಕಪಾಟಿನಲ್ಲಿ ಯಾರೂ ಮುಟ್ಟದೆಯೂ ಠಪ್ ಅಂತ ಸೀಳಬಹುದು.

ಬೆಲೆ ಇರುವುದು ಈ ಬೆಂಕಿಯಲ್ಲಿ ಮತ್ತು ಆ ಕೈಯಲ್ಲಿ. 2021ರ ಕೊನೆಗೆ ಯುರೋಪಿನಲ್ಲಿ ಗ್ಯಾಸ್ ರೇಟು ಏರಿದಾಗ, 1291ರಿಂದ ಗಾಜಿಗೇ ಹೆಸರಾದ ಇಟಲಿಯ ಮುರಾನೊ ದ್ವೀಪದಲ್ಲೂ ಕುಲುಮೆಗಳನ್ನು ಆರಿಸಬೇಕಾಯಿತು. ಅಂಥವರ ಗತಿಯೇ ಹಾಗಾದರೆ, ಒಂದೇ ಕುಲುಮೆ ಇಟ್ಟುಕೊಂಡವನ ಪಾಡೇನು?

ಒಬ್ಬನೇ ಕಲಾವಿದ ಸ್ವಂತ ಕುಲುಮೆಯಲ್ಲಿ ಗಾಜು ಕರಗಿಸಬಲ್ಲ ಅನ್ನುವುದನ್ನು ಒಂದು ಕಾಲಕ್ಕೆ ಯಾರೂ ನಂಬುತ್ತಿರಲಿಲ್ಲ. ನಕ್ಷೆ ಬರೆಯುವವರು ಒಬ್ಬರು, ಕಾರ್ಖಾನೆಯಲ್ಲಿ ಊದುವವರು ಇನ್ನೊಬ್ಬರು, ಹಾಗಿತ್ತು ಪದ್ಧತಿ. 1962ರಲ್ಲಿ ಅಮೆರಿಕದ ಟೊಲಿಡೊ ಊರಿನ ವಸ್ತು ಸಂಗ್ರಹಾಲಯದ ಆವರಣದಲ್ಲಿ ಹಾರ್ವೆ ಲಿಟಲ್‌ಟನ್ ಎಂಬ ಕುಂಬಾರಿಕೆಯ ಮೇಷ್ಟ್ರು ಸಣ್ಣ ಕುಲುಮೆ ಹೂಡಿದರು. ಮೊದಲ ಸಲ ಗಾಜು ಕೈಕೊಟ್ಟಿತು. ಡೊಮಿನಿಕ್ ಲಬೀನೊ ಎಂಬ ವಿಜ್ಞಾನಿ ಕಾರ್ಖಾನೆಯ ಗಾಜಿನ ಗೋಲಿಗಳನ್ನು ತಂದುಕೊಟ್ಟ ಮೇಲೆ ಅದು ಹದಕ್ಕೆ ಬಂತು. ಊದುವುದು ಹೇಗೆಂದು ತೋರಿಸಿದ್ದು ಕಾರ್ಖಾನೆಯಿಂದ ರಿಟೈರಾಗಿದ್ದ ಹಳೆಯ ಕೆಲಸಗಾರ. ಇವತ್ತಿನ ಗಾಜಿನ ಕಲಾವಿದರ ಸ್ಟುಡಿಯೋಗಳ ಮೂಲ ಹುಡುಕಿದರೆ ಹೆಚ್ಚಿನವು ಆ ಕುಲುಮೆಯ ಹತ್ತಿರ ಹೋಗಿ ನಿಲ್ಲುತ್ತವೆ.

ಸಣ್ಣ ಕುಲುಮೆಯೇನೂ ಅಮೆರಿಕದವರ ಹೊಸ ಶೋಧವಲ್ಲ. ಚಿತ್ರದುರ್ಗ ಜಿಲ್ಲೆಯವರು ಹೊಸದುರ್ಗ ತಾಲ್ಲೂಕಿನ ಮತ್ತೋಡಿನ ಹೆಸರು ನೆನಪು ಮಾಡಿಕೊಂಡರೆ ಸಾಕು. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಅಲ್ಲಿನ ಗಾಜಿನ ಕೆಲಸ ಕಂಡು ಬರೆದಿಟ್ಟಿದ್ದಾನೆ. ಅದು ಲೋಟದ ಗಾಜಲ್ಲ, ಬಳೆಯ ಗಾಜು. ಕಪ್ಪು, ಹಸಿರು, ಕೆಂಪು, ನೀಲಿ, ಹಳದಿ, ಹೀಗೆ ಐದು ಬಣ್ಣ. ಚೌಳು ನೆಲದ ಸೋಡವನ್ನೇ ಬಳಸಿ ಊರವರು ಗಾಜು ಮಾಡುತ್ತಿದ್ದರು. ಇವತ್ತು ಈ ಸೀಮೆಯ ಬಳೆ ಅಂಗಡಿಗೆ ಪೆಟ್ಟಿಗೆ ಬಂದಿಳಿಯುವುದು ದೂರದ ಫಿರೋಜಾಬಾದಿನಿಂದ. ಮತ್ತೋಡಿನ ಬಳೆಗೂ ‘ಅಷ್ಟು ಯಾಕೆ, ಅಗ್ಗದ್ದು ಸಿಗುತ್ತಲ್ಲ’ ಅಂದವರು ಇದ್ದೇ ಇದ್ದರೇನೋ. ಚೌಕಾಸಿ ಬಳೆಯಷ್ಟೇ ಹಳೆಯದು.

ಹಾಗಂತ ಕೈಕೆಲಸ ಎಂದ ಮಾತ್ರಕ್ಕೆ ಕಣ್ಣುಮುಚ್ಚಿ ದುಡ್ಡು ಸುರಿಯಬೇಕಾಗಿಲ್ಲ. ಮಾರುವವರೂ ಒಂದಿಷ್ಟು ನಿಜ ಹೇಳಬೇಕು. ಈ ಲೋಟಗಳಲ್ಲಿ ಹೆಚ್ಚಿನವು ಸೋಡ, ಸುಣ್ಣ ಬೆರೆತ ಸಾಧಾರಣ ಗಾಜಿನವು. ತಳ ದಪ್ಪ ಇದ್ದಷ್ಟೂ ಕುದಿಯುವ ಕಾಫಿ ಬಿದ್ದಾಗ ಬಿರುಕು ಬಿಡುವ ಭಯ ಹೆಚ್ಚು. ಬಿಸಿ ತಡೆಯುವ ಬೋರೋಸಿಲಿಕೇಟ್ ಗಾಜು ಬೇರೆಯೇ. ಅದು ಶಾಖಕ್ಕೆ ಹಿಗ್ಗುವುದು ಇದರ ಮೂರನೇ ಒಂದು ಪಾಲಷ್ಟೇ. ತಮಾಷೆ ಅಂದರೆ, ಲಿಟಲ್‌ಟನ್ ಮೇಷ್ಟ್ರ ತಂದೆ ಅಂಥ ಗಾಜಿನ ಕಂಪನಿಯಲ್ಲೇ ವಿಜ್ಞಾನಿ. 1913ರಲ್ಲಿ ತಾಯಿ ಬ್ಯಾಟರಿಯ ಗಾಜಿನ ಜಾಡಿ ಕತ್ತರಿಸಿ ಅದರಲ್ಲಿ ಕೇಕ್ ಬೇಯಿಸಿದ್ದೇ ಪೈರೆಕ್ಸ್ ಪಾತ್ರೆಗೆ ದಾರಿಯಾಯಿತು. ಮಗನ ಕೈಯ ಗಾಜಿಗೆ ಆ ಗುಣ ಇರಲಿಲ್ಲ. ‘ಇದು ಪಾನಕಕ್ಕೆ, ಕಾಫಿಗಲ್ಲ’ ಅಂತ ಅಂಗಡಿಯವರು ಮೊದಲೇ ಹೇಳಿದರೆ ಜಗಳ ತಪ್ಪುತ್ತದೆ. ಸೀಸ ಬೆರೆತ ಕ್ರಿಸ್ಟಲ್ ಆದರೆ ಅದನ್ನೂ ಹೇಳಬೇಕು. ಹುಳಿ ಶರಬತ್ತನ್ನು ಅದರಲ್ಲಿ ತುಂಬಿಟ್ಟು ಮಾರನೇ ದಿನ ಕುಡಿಯಬಾರದು, ಸೀಸ ಬಿಡುತ್ತದೆ.

ಇನ್ನು ಯಂತ್ರದ ಲೋಟಕ್ಕೆ ‘ಹ್ಯಾಂಡ್‌ಮೇಡ್’ ಚೀಟಿ ಅಂಟಿಸುವ ಕಸುಬು. ಗಿರಾಕಿಗಳು ಲೋಟ ಮಗುಚಿ ತಳ ಸವರಿ ನೋಡಲಿ. ಸರಳು ಬಿಡಿಸಿದ ಗುರುತೋ, ಅದನ್ನು ಉಜ್ಜಿ ನುಣುಪು ಮಾಡಿದ ಗುಂಡಗಿನ ಜಾಗವೋ ಬೆರಳಿಗೆ ಸಿಕ್ಕುವುದುಂಟು. ಆರು ಲೋಟ ಸಾಲಾಗಿ ಇಟ್ಟರೆ ಕೂದಲೆಳೆಯಷ್ಟಾದರೂ ವ್ಯತ್ಯಾಸ ಇರುತ್ತದೆ. ಪಕ್ಕದಲ್ಲಿ ಅಚ್ಚಿನ ಗೆರೆ ಕಂಡರೆ ಅನುಮಾನ ಪಡಬಹುದು, ಆದರೆ ಅಚ್ಚಿನೊಳಗೆ ಬಾಯಿಂದಲೇ ಊದುವ ಪದ್ಧತಿಯೂ ಇದೆ. ಒಳಗಿನ ಗುಳ್ಳೆಯನ್ನಂತೂ ನಂಬುವ ಹಾಗೇ ಇಲ್ಲ, ಬೇಕೆಂದೇ ಗುಳ್ಳೆ ಬರಿಸುವ ಕಾರ್ಖಾನೆಗಳಿವೆ.

ಕಣ್ಣಿಗೆ ಗೊತ್ತಾಗದಿದ್ದರೆ ಕಾಗದ ಕೇಳಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ಮಾಲಿನ ಗುಣದ ಬಗ್ಗೆ ಸುಳ್ಳು ಹೇಳಿ ಮಾರುವುದೂ, ಬಿಲ್ಲು ಕೊಡದಿರುವುದೂ ಅನುಚಿತ ವ್ಯಾಪಾರವೇ. ಬಿಲ್ಲಿನಲ್ಲಿ ‘ಕೈಯಿಂದ ಊದಿದ್ದು’ ಅನ್ನುವ ಎರಡು ಮಾತು ಬರೆಯಲು ನಿಜವಾದ ಮಾಲು ಇಟ್ಟವರಿಗೆ ಏನು ಕಷ್ಟ? ಬರೆದುಕೊಟ್ಟವರ ಹತ್ತಿರ ಚೌಕಾಸಿ ಸ್ವಲ್ಪ ಕಡಿಮೆ ಇರಲಿ. ಬರೆಯಲು ಹಿಂದೆಮುಂದೆ ನೋಡುವವರಿಗೆ ಹೋಟೆಲ್ ಲೋಟದ ಡಜನ್ ಲೆಕ್ಕದಲ್ಲೇ ದುಡ್ಡು ಎಣಿಸಿದರೆ ತಪ್ಪಿಲ್ಲ.