ಜಮೀನೇ ಬಂಡವಾಳವಲ್ಲವೇ?

ಮೈಸೂರಿನ ರಿಂಗ್ ರಸ್ತೆಯಾಚೆಯ ರೈತರು ಜಮೀನು ಮಾರದೆ ಡೆವಲಪರ್ ಜೊತೆ ಜಂಟಿ ಅಭಿವೃದ್ಧಿ ಒಪ್ಪಂದ ಮಾಡಿಕೊಳ್ಳಲಿ, ಒಂದು ಪೈಸೆಯನ್ನೂ ಹೂಡಬೇಕಿಲ್ಲ ಎಂದು ಕಳೆದ ವಾರದ ಲೇಖನ ಹೇಳಿದೆ. ಇದು ತಪ್ಪು. ಜಮೀನೇ ಹೂಡಿಕೆ.

ಬೋಗಾದಿ ಆಚೆ ನಮ್ಮ ಸೋದರಮಾವ ಹೀಗೇ ಸಹಿ ಹಾಕಿದರು, ಜೊತೆಗೆ ಡೆವಲಪರ್‌ಗೆ ತಮ್ಮ ಪರವಾಗಿ ವ್ಯವಹರಿಸುವ ಅಧಿಕಾರ ಕೊಡುವ ಜಿಪಿಎಗೂ. ಮೂರು ವರ್ಷವಾದರೂ ರಸ್ತೆಗೆ ಜಲ್ಲಿ ಬೀಳಲಿಲ್ಲ. ಅನುಮಾನ ಬಂದು ಋಣಭಾರ ಪತ್ರ ತೆಗೆಸಿದರೆ, ಅವರದೇ ಸರ್ವೆ ನಂಬರಿನ ಮೇಲೆ ಅಡಮಾನ! ಸಾಲ ಪಡೆದವರು ಡೆವಲಪರ್, ಒತ್ತೆ ಬಿದ್ದದ್ದು ಮಾವನ ಎರಡು ಎಕರೆ.

ರಿಯಲ್ ಎಸ್ಟೇಟ್ ಕಾಯ್ದೆಯಾದ ರೇರಾ ಕಾಪಾಡುತ್ತದೆ ಎನ್ನುತ್ತಾರೆ ಲೇಖಕರು. 2016ರ ಆ ಕಾಯ್ದೆ ಖರೀದಿದಾರರ ಹಣದಲ್ಲಿ ಶೇ 70ರಷ್ಟನ್ನು ಪ್ರತ್ಯೇಕ ಖಾತೆಯಲ್ಲಿಡಿ ಎನ್ನುವುದು ಖರೀದಿದಾರರ ರಕ್ಷಣೆಗೆ. ಅಭಿವೃದ್ಧಿ ಮಾಡುವವರು ಒಬ್ಬರು, ಮಾರುವವರು ಇನ್ನೊಬ್ಬರಾದರೆ ಇಬ್ಬರೂ ಪ್ರವರ್ತಕರು, ಇಬ್ಬರೂ ಹೊಣೆ ಎಂದೂ ಅದೇ ಕಾಯ್ದೆ ಹೇಳುತ್ತದೆ. ಒಪ್ಪಂದದಂತೆ ತನ್ನ ಪಾಲಿಗೆ ಬಂದ ಸೈಟು ಮಾರಿದ ರೈತನೂ ನಾಳೆ ಉತ್ತರ ಕೊಡಬೇಕಾದೀತು.

ಒಪ್ಪಂದವೇ ಬೇಡ ಎನ್ನುತ್ತಿಲ್ಲ. ಜಿಪಿಎಯಲ್ಲಿ ಅಡಮಾನದ ಅಧಿಕಾರ ಇರಕೂಡದು. ಕೊಟ್ಟರೂ ಡೆವಲಪರ್ ಪಾಲಿಗಷ್ಟೇ ಸೀಮಿತವಾಗಿರಬೇಕು. ಕೆಲಸ ನಿಂತರೆ ಜಮೀನು ಯಾವಾಗ ವಾಪಸ್ ಎಂಬುದು ನೋಂದಣಿಯಾದ ಪತ್ರದಲ್ಲೇ ಇರಬೇಕು. ಇಷ್ಟನ್ನೂ ಹೇಳದೆ ರೈತರಿಗೆ ಸಹಿ ಹಾಕಿ ಎನ್ನಬೇಡಿ.